ಏಳು ಜ್ವಾಲಾಮುಖಿ, ನಲವತ್ತು ತೆಂಗಿನಕಾಯಿ

(ತಿಪಟೂರಿನಲ್ಲಿ ಪೋಷಕರು ಮತ್ತು ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಾಡುವಾಗ ದಾರಿ ತಪ್ಪಿದ ಕಡೆ ಸ್ವಲ್ಪ ಕತ್ತರಿಸಿದ್ದೇನೆ. ಪೂರ್ತಿ ಕತ್ತರಿಸಲು ಮನಸ್ಸು ಬರಲಿಲ್ಲ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆ ಅಲ್ವಾ? ಸರಿ.

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನು. ರಿಟೈರ್ ಆದ ಮೇಲೆ ವಿಜ್ಞಾನ ವಸ್ತು ಪ್ರದರ್ಶನಗಳಿಗೆ ತೀರ್ಪುಗಾರ ಅಂತ ಕರೆಯುತ್ತಾರೆ. ಹೋಗುತ್ತೇನೆ. ಒಂದು ಸಲ ಒಂದೇ ಸಭಾಂಗಣದಲ್ಲಿ ಏಳು ಜ್ವಾಲಾಮುಖಿ ನೋಡಿದೆ. ಏಳೂ ಒಂದೇ ಥರ. ಅಡುಗೆ ಸೋಡಾ, ವಿನೆಗರ್, ಕುಂಕುಮದ ಬಣ್ಣ. ಜೊತೆಗೆ ಸಿರಿಂಜಿನ ಜೆಸಿಬಿ ನಾಲ್ಕು, ಥರ್ಮಾಕೋಲಿನ ಚಂದ್ರಯಾನ ಮೂರು. ಒಬ್ಬ ಹುಡುಗನನ್ನು ಕೇಳಿದೆ, "ಯಾಕಪ್ಪ ಜ್ವಾಲಾಮುಖಿ ಮಾಡಿದೆ?" ಅವನು, "ಅಂಗಡಿಯಲ್ಲಿ ಇದೊಂದೇ ಉಳಿದಿತ್ತು ಸಾರ್" ಅಂದ. ಪ್ರಾಮಾಣಿಕತೆಗೆ ಅವನಿಗೇ ಪೂರ್ತಿ ಅಂಕ ಕೊಡಬೇಕು ಅನ್ನಿಸಿತು. ಆದರೆ ಅಂಕಪಟ್ಟಿಯಲ್ಲಿ ಆ ಕಾಲಂ ಇರಲಿಲ್ಲ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಹಿಂದಿನ ದಿನ ಸಂಜೆ ಐದಕ್ಕೆ "ನಾಳೆ ಏನಾದರೂ ಮಾಡಿಕೊಂಡು ಬಾ" ಅಂದರೆ ಯಾವ ಮಗುವಾದರೂ ಅಂಗಡಿಗೇ ಓಡುತ್ತದೆ. ಅಪ್ಪ ಬೈಕಿನಲ್ಲಿ ಕರೆದುಕೊಂಡು ಹೋಗುತ್ತಾರೆ, ಅಮ್ಮ ಅಂಟಿಸುತ್ತಾರೆ, ಅಕ್ಕ ಚಾರ್ಟ್ ಬರೆಯುತ್ತಾಳೆ. ಮಗು ಹೊತ್ತುಕೊಂಡು ಬರುತ್ತದೆ. ಇನ್ನು ಜ್ವಾಲಾಮುಖಿಯಾದರೂ ನಮಗೆ ದೂರದ್ದಾ? ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಿಗುವ ಸೇಂಟ್ ಮೇರೀಸ್ ದ್ವೀಪದ ಆ ಕಂಬದಂಥ ಕಲ್ಲುಗಳು ಲಾವಾ ತಣ್ಣಗಾಗಿ ಆದವು. ಬೀದರ್, ವಿಜಯಪುರದ ಕಪ್ಪು ಮಣ್ಣಿನ ಮೂಲವೂ ಜ್ವಾಲಾಮುಖಿಯ ಕಲ್ಲೇ. ಏಳರಲ್ಲಿ ಒಂದು ಮಗುವೂ ಅದನ್ನು ಹೇಳಲಿಲ್ಲ. ಹೇಳಿಕೊಟ್ಟವರೂ ಇರಲಿಲ್ಲ.

ಇವತ್ತು ನನಗೆ ಕೊಟ್ಟ ವಿಷಯ ಶಾಲಾ ಮಕ್ಕಳಿಗೆ ಇರುವ ವಿಜ್ಞಾನ ಸ್ಪರ್ಧೆಗಳು ಮತ್ತು ಅವಕಾಶಗಳು. ಪಟ್ಟಿ ಬೇಕಾದರೆ ಮೊಬೈಲಿನಲ್ಲೇ ಸಿಗುತ್ತದೆ. ಯಾವುದಕ್ಕೆ ಮಗುವನ್ನು ಕಳಿಸಿದರೆ ಏನಾಗುತ್ತದೆ, ಯಾವುದಕ್ಕೆ ದುಡ್ಡು ಕಟ್ಟುವುದು ದಂಡ, ಅದು ಸಿಗುವುದಿಲ್ಲ. ಹಾಗಾಗಿ ಅದನ್ನೇ ಹೇಳುತ್ತೇನೆ.

ನನ್ನ ಲೆಕ್ಕದಲ್ಲಿ ಸ್ಪರ್ಧೆಗಳಲ್ಲಿ ಎರಡು ಜಾತಿ. ಒಂದರಲ್ಲಿ ಪ್ರಶ್ನೆ ಅವರದು, ಉತ್ತರ ಮಗುವಿನದು. ಇನ್ನೊಂದರಲ್ಲಿ ಪ್ರಶ್ನೆಯೂ ಮಗುವಿನದೇ. ನಾವು ಮೊದಲನೆಯದಕ್ಕೆ ಮುಗಿಬೀಳುತ್ತೇವೆ. ಎರಡನೆಯದು ಇದೆ ಅಂತಲೇ ಬಹಳ ಜನಕ್ಕೆ ಗೊತ್ತಿಲ್ಲ.

ಅದರಿಂದಲೇ ಶುರು ಮಾಡುತ್ತೇನೆ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಅಂತ ಒಂದಿದೆ. 1993ರಿಂದ ನಡೆಯುತ್ತಿದೆ. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಕಾರ್ಯಕ್ರಮ. ಕರ್ನಾಟಕದಲ್ಲಿ ಇದನ್ನು ಬಹಳ ವರ್ಷ ನಡೆಸಿಕೊಂಡು ಬಂದದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ‘ಬಾಲ ವಿಜ್ಞಾನ’ ಪತ್ರಿಕೆ ತರುವವರು ಅವರೇ. 10ರಿಂದ 17 ವರ್ಷದ ಮಕ್ಕಳು ಸೇರಬಹುದು. ಒಂದು ಮುಖ್ಯ ವಿಷಯ ಕೊಡುತ್ತಾರೆ. ಅದರ ಒಳಗೆ ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆ ಹಿಡಿದು, ಮೂರು ನಾಲ್ಕು ತಿಂಗಳು ಅಳೆದು, ತೂಗಿ, ಕೇಳಿ, ಬರೆದು ತರಬೇಕು. ವರದಿಯನ್ನು ಕನ್ನಡದಲ್ಲೇ ಬರೆಯಬಹುದು, ಕನ್ನಡದಲ್ಲೇ ಮಂಡಿಸಬಹುದು. ಇದನ್ನು ಎರಡು ಸಲ ಹೇಳಬೇಕು ಅನ್ನಿಸುತ್ತದೆ. ಕನ್ನಡದಲ್ಲೇ. ಜಿಲ್ಲೆ, ರಾಜ್ಯ ದಾಟಿದರೆ ರಾಷ್ಟ್ರ ಮಟ್ಟ.

ಹೀಗೆ ಹೇಳಿದರೆ ಸರ್ಕಾರಿ ಸುತ್ತೋಲೆಯಂತೆ ಕೇಳಿಸುತ್ತದೆ. ನಮ್ಮ ಶಾಲೆಯಲ್ಲಿ ನಡೆದದ್ದು ಹೇಳುತ್ತೇನೆ.

ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಒಂದು ದಿನ ಕೇಳಿದಳು, "ಸಾರ್, ಅಟ್ಟದ ಮೇಲಿನ ಕಾಯಿ ಗಡಗಡ ಅನ್ನೋಕೆ ಎಷ್ಟು ದಿನ ಬೇಕು?" ನೀವೆಲ್ಲ ತೆಂಗು ಬೆಳೆಯುವವರು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಓದುವವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡಲು ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಇಂಗುತ್ತದೆ. ಕೊಬ್ಬರಿ ಒಣಗಿ, ಕುಗ್ಗಿ, ಚಿಪ್ಪಿನಿಂದ ಬಿಡುತ್ತದೆ. ಆಗ ಕಾಯಿ ಅಲ್ಲಾಡಿಸಿದರೆ ಗಿಟುಕು ಒಳಗೆ ಗಡಗಡ ಅನ್ನುತ್ತದೆ. ಅವಳ ಅಜ್ಜ "ಹತ್ತು ಹನ್ನೊಂದು ತಿಂಗಳು" ಅಂದಿದ್ದರಂತೆ. "ಅಡುಗೆಮನೆ ಮೇಲಿನ ಅಟ್ಟದ್ದು ಬೇಗ ಆಗುತ್ತೆ" ಅಂತಲೂ ಅಂದಿದ್ದರಂತೆ. ಅವಳಿಗೆ ಅದು ನಿಜವಾ ಅಂತ ಅನುಮಾನ.

"ನೋಡೋಣ, ತೂಗು" ಅಂದೆ.

ಅವಳು, ಅವಳ ಗೆಳತಿ ಸೇರಿ ಹೊಸದಾಗಿ ಕೆಡವಿದ ನಲವತ್ತು ಕಾಯಿಗೆ ಪೇಂಟಿನಲ್ಲಿ ನಂಬರ್ ಬರೆದರು. ಇಪ್ಪತ್ತು ಅಡುಗೆಮನೆಯ ಮೇಲೆ, ಇಪ್ಪತ್ತು ಪಡಸಾಲೆಯ ಮೇಲೆ. ಹದಿನೈದು ದಿನಕ್ಕೊಮ್ಮೆ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿ ನೋಟ್‌ಬುಕ್ಕಿನಲ್ಲಿ ಬರೆಯುವುದು. ಜುಲೈನಲ್ಲಿ ಶುರುವಾಯಿತು. ಜಿಲ್ಲಾ ಮಟ್ಟದ ಸಮಾವೇಶದ ಹೊತ್ತಿಗೆ ನಾಲ್ಕು ತಿಂಗಳು. ಆಗಲೇ ಅವರಿಗೆ ಗೊತ್ತಾದದ್ದು, ‘ಗಡಗಡ’ದ ಪ್ರಶ್ನೆಗೆ ನಾಲ್ಕು ತಿಂಗಳಲ್ಲಿ ಉತ್ತರ ಸಿಗುವುದಿಲ್ಲ ಅಂತ. ಕೂತು ಯೋಚನೆ ಮಾಡಿ ಪ್ರಶ್ನೆಯನ್ನೇ ಸಣ್ಣದು ಮಾಡಿಕೊಂಡರು. ಯಾವ ಕಡೆಯ ಕಾಯಿ ಬೇಗ ತೂಕ ಕಳೆದುಕೊಳ್ಳುತ್ತದೆ, ಅಷ್ಟೇ. ಪ್ರಶ್ನೆಯನ್ನು ಕೈಗೆಟುಕುವಷ್ಟು ಚಿಕ್ಕದು ಮಾಡಿಕೊಳ್ಳುವುದನ್ನು ನಾನು ಬಿ.ಎಸ್ಸಿ.ಯಲ್ಲೂ ಕಲಿತಿರಲಿಲ್ಲ.

ಮೂರನೇ ಸಲ ತೂಗಿದಾಗ ಹುಡುಗಿ ಓಡಿಬಂದಳು. "ಸಾರ್, ಎಲ್ಲ ಕಾಯಿ ತೂಕ ಜಾಸ್ತಿ ಆಗಿದೆ!" ಕಾಯಿ ಅಟ್ಟದ ಮೇಲೆ ಬೆಳೆಯುತ್ತದಾ? ನಾನು ಏನೂ ಹೇಳಲಿಲ್ಲ. ಒಂದು ದಿನ ಬಿಟ್ಟು ಅವಳೇ ಹಿಡಿದಳು. ಒಂದೆರಡು ಕಾಯಿಯ ತೂಕ ಹೆಚ್ಚಾಗಿದ್ದರೆ ಅದು ಬೇರೆ ಮಾತು. ಎಲ್ಲವೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಹೆಚ್ಚಾಗಿದ್ದವು. ಅವಳ ತಮ್ಮ ತಕ್ಕಡಿಯ ಮೇಲೆ ಸ್ಟೀಲ್ ತಟ್ಟೆ ಇಟ್ಟಿದ್ದ, ಸೊನ್ನೆ ಮಾಡಿರಲಿಲ್ಲ. "ಅಳಿಸಿ ಬರೆಯಲಾ ಸಾರ್?" ಅಂದಳು. ಅಳಿಸಬೇಡ, ಒಂದು ಗೆರೆ ಎಳೆದು ಪಕ್ಕದಲ್ಲಿ ಏನಾಯಿತು ಅಂತ ಬರೆ ಅಂದೆ. ಆ ನೋಟ್‌ಬುಕ್ಕಿನಲ್ಲಿ ಇವತ್ತಿಗೂ ಇದೆ: "ತಮ್ಮ ತಟ್ಟೆ ಇಟ್ಟಿದ್ದ." ಗೌರಿ ಹಬ್ಬದ ಹೊತ್ತಿಗೆ ಇನ್ನೊಂದು ಟಿಪ್ಪಣಿ: "ಅಜ್ಜಿ 4, 9, 26 ಪೂಜೆಗೆ ಒಡೆದರು." ಉಳಿದದ್ದು ಮೂವತ್ತೇಳು.

ಜಿಲ್ಲೆಗೆ ಹೋದೆವು. ಅಡುಗೆಮನೆ ಕಡೆಯ ಕಾಯಿ ನೂರಕ್ಕೆ 27ರಷ್ಟು ತೂಕ ಕಳೆದುಕೊಂಡಿವೆ, ಪಡಸಾಲೆ ಕಡೆಯವು 19ರಷ್ಟು. ಅಜ್ಜ ಗೆದ್ದರು ಅಂತ ನಾವೆಲ್ಲ ಖುಷಿಯಲ್ಲಿದ್ದೆವು. ತೀರ್ಪುಗಾರರೊಬ್ಬರು ಮೆಲ್ಲಗೆ ಕೇಳಿದರು, "ಮೊದಲ ದಿನ ಎರಡೂ ಕಡೆ ಒಂದೇ ಗಾತ್ರದ ಕಾಯಿ ಇದ್ದವಾ?"

ನನ್ನ ಎದೆ ಧಸಕ್ ಅಂತು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಹುಡುಗಿ ನೋಟ್‌ಬುಕ್ ತೆಗೆದು ಮೊದಲ ಪುಟದ ಸರಾಸರಿ ನೋಡಿದಳು. ಅಡುಗೆಮನೆ ಕಡೆ 820 ಗ್ರಾಂ, ಪಡಸಾಲೆ ಕಡೆ 960. "ಇಲ್ಲ ಸಾರ್. ಅಡುಗೆಮನೆ ಅಟ್ಟ ಎತ್ತರ. ನಮಗೆ ಎತ್ತಕ್ಕೆ ಸುಲಭ ಅಂತ ಸಣ್ಣವು ಅಲ್ಲಿಗೆ ಹೋಗಿವೆ" ಅಂದಳು. ಸಣ್ಣ ಕಾಯಿ ಹೇಗೂ ಬೇಗ ಒಣಗಬಹುದಲ್ಲ! ಹೊಗೆ, ಬಿಸಿಯ ಪಾತ್ರ ಎಷ್ಟು, ಗಾತ್ರದ ಪಾತ್ರ ಎಷ್ಟು? ರಾಜ್ಯಕ್ಕೆ ಆಯ್ಕೆ ಆಗಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಇಬ್ಬರೂ ಕಿಟಕಿ ಪಕ್ಕ ಕೂತು ಲೆಕ್ಕ ಹಾಕುತ್ತಿದ್ದರು. ಎರಡೂ ಕಡೆಯಿಂದ ತೂಕದಲ್ಲಿ ಹೆಚ್ಚುಕಮ್ಮಿ ಸಮ ಇದ್ದ ಕಾಯಿಗಳನ್ನು ಮಾತ್ರ ಜೋಡಿ ಮಾಡಿದರು. ಒಂಬತ್ತು ಜೋಡಿ ಸಿಕ್ಕವು. ಈಗ 25 ಮತ್ತು 21. ವ್ಯತ್ಯಾಸ ಅರ್ಧ ಕರಗಿತು, ಆದರೂ ಉಳಿಯಿತು. "ಅಜ್ಜ ಅರ್ಧ ಸರಿ ಸಾರ್" ಅಂದಳು. ಒಂಬತ್ತು ಜೋಡಿ ಸಾಕಾ ಅನ್ನುವುದು ಅದರ ಮುಂದಿನ ಪ್ರಶ್ನೆ. ಅದನ್ನು ಅವಳ ಗೆಳತಿ ಕೇಳಿದಳು.

ಇಷ್ಟಕ್ಕೆ ಖರ್ಚಾದದ್ದು ಪೇಂಟಿನ ಡಬ್ಬಿ ಒಂದು, ಬಸ್ ಚಾರ್ಜು. ಮೂರು ಕಾಯಿ ಬೇಕಾದರೆ ಸೇರಿಸಿಕೊಳ್ಳಿ.

ಎರಡನೆಯದು ಇನ್‌ಸ್ಪೈರ್ ಅವಾರ್ಡ್ ಮಾನಕ್. ಇದು 6ನೇ ತರಗತಿಯಿಂದ ಮೇಲಿನ ಮಕ್ಕಳಿಗೆ. ನಡೆಸುವವರು ಅದೇ ವಿಜ್ಞಾನ ತಂತ್ರಜ್ಞಾನ ಇಲಾಖೆ ಮತ್ತು ರಾಷ್ಟ್ರೀಯ ನವಶೋಧ ಪ್ರತಿಷ್ಠಾನ. ಒಂದು ಶಾಲೆಯಿಂದ ಐದು ಐಡಿಯಾ ಕಳಿಸಬಹುದು. ಆಯ್ಕೆಯಾದರೆ ಮಾದರಿ ಮಾಡಲು ಮಗುವಿನ ಬ್ಯಾಂಕ್ ಖಾತೆಗೇ 10,000 ರೂಪಾಯಿ ಬರುತ್ತದೆ. ಐಡಿಯಾ ಅಂದರೆ ರಾಕೆಟ್ ಬೇಕಿಲ್ಲ. ಮನೆಯಲ್ಲಿ, ಹೊಲದಲ್ಲಿ ದಿನಾ ಕಾಡುವ ತೊಂದರೆಯೊಂದಕ್ಕೆ ಹೊಸ ಉಪಾಯ ಸಾಕು. ಕಾಯಿ ಸುಲಿಯುವಾಗ ಅಮ್ಮನ ಸೊಂಟ ಹಿಡಿಯುತ್ತದೆ ಅಂತ ಗಮನಿಸಿದ ಮಗು ಅರ್ಧ ದಾರಿ ಬಂದಂತೆ.

ಇಲ್ಲಿ ಎರಡು ಕಡೆ ಎಡವುತ್ತೇವೆ. ಒಂದು, ಮಕ್ಕಳನ್ನು ಕೇಳುವುದೇ ಇಲ್ಲ. ಕೊನೆಯ ದಿನ ಮೇಷ್ಟ್ರೇ ಇಂಟರ್ನೆಟ್ಟಿನಿಂದ ಐದು ಐಡಿಯಾ ಎತ್ತಿ ತುಂಬುತ್ತಾರೆ. ಸ್ಮಾರ್ಟ್ ಡಸ್ಟ್‌ಬಿನ್, ಕುರುಡರ ಕೋಲು, ಮಳೆ ಬಂದರೆ ತಾನೇ ಒಳಗೆ ಹೋಗುವ ಬಟ್ಟೆ ತಂತಿ. ಪರಿಶೀಲನೆ ಮಾಡುವವರು ಇವನ್ನು ಎಷ್ಟು ಸಾವಿರ ಸಲ ನೋಡಿರುತ್ತಾರೋ ಪಾಪ. ನಾನು ಸ್ಟಾಫ್ ರೂಮಿನ ಹೊರಗೆ ಒಂದು ಶೂ ಡಬ್ಬಿಗೆ ಕಿಂಡಿ ಮಾಡಿ ಇಟ್ಟಿದ್ದೆ. ‘ನಿಮಗೆ ಸಿಟ್ಟು ಬರಿಸುವ ಕೆಲಸ ಯಾವುದು, ಚೀಟಿ ಬರೆದು ಹಾಕಿ’ ಅಂತ. ಮೊದಲ ವಾರ ಬಂದ ಚೀಟಿಯಲ್ಲಿ ಅರ್ಧ ‘ಹೋಂವರ್ಕ್’. ಇನ್ನರ್ಧದಲ್ಲಿ ಮೂರು ಒಳ್ಳೆಯ ಐಡಿಯಾ ಇದ್ದವು.

ಇನ್ನೊಂದು ಎಡವಟ್ಟು ಖಾತೆಯದು. ನಮ್ಮ ಒಬ್ಬ ಹುಡುಗನ ಐಡಿಯಾ ಆಯ್ಕೆ ಆಯಿತು. ಪಾಸ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಊರಿನ ಇನಿಶಿಯಲ್ ಇತ್ತು, ಆಧಾರಿನಲ್ಲಿ ಇರಲಿಲ್ಲ. ಹಣ ಅಲ್ಲೇ ನಿಂತಿತು. ಬ್ಯಾಂಕಿಗೆ ಹೋದರೆ ಶಾಲೆಗೆ ಹೋಗಿ ಅಂದರು, ಶಾಲೆಯವರು ಬ್ಯಾಂಕಿಗೆ ಹೋಗಿ ಅಂದರು. ಶಾಲೆ ಅಂದರೆ ನಾವೇ ತಾನೇ, ತಪ್ಪು ನಮ್ಮದೂ ಇತ್ತು. ಜೂನ್ ತಿಂಗಳಲ್ಲೇ ಈ ಹೆಸರು ಸರಿಮಾಡಿಸಿಕೊಳ್ಳಿ. ವಿಜ್ಞಾನದ ಭಾಷಣದಲ್ಲಿ ಪಾಸ್‌ಬುಕ್ ಮಾತು ಯಾಕೆ ಅನ್ನಬೇಡಿ. ನಮ್ಮ ಮಕ್ಕಳು ಸೋಲುವುದು ಬಹಳ ಸಲ ಇಂಥ ಕಡೆಯೇ.

ಈಗ ಒಲಿಂಪಿಯಾಡ್. ಈ ಪದ ಕೇಳಿದರೆ ಪೋಷಕರ ಕಣ್ಣು ಅರಳುತ್ತದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಹಣ ಕಟ್ಟಿಸಿಕೊಂಡು, ಮೂರನೇ ಕ್ಲಾಸಿನ ಮಗುವಿಗೂ ಪರೀಕ್ಷೆ ಮಾಡಿ, ತರಗತಿಗೊಂದು ಚಿನ್ನದ ಪದಕ ಹಂಚುವ ಖಾಸಗಿ ‘ಒಲಿಂಪಿಯಾಡ್’ಗಳಿಗೂ ದೇಶದ ತಂಡ ಹೋಗುವ ಒಲಿಂಪಿಯಾಡಿಗೂ ಸಂಬಂಧವಿಲ್ಲ. ಮಗುವಿಗೆ ಖುಷಿ ಆಗುತ್ತದೆ ಅಂದರೆ ಬರೆಸಿ. ಅದೇ ಮೆಟ್ಟಿಲು ಹತ್ತಿದರೆ ಮೇಲೆ ಅಂತರರಾಷ್ಟ್ರೀಯ ಸ್ಪರ್ಧೆ ಸಿಗುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ.

ನಿಜವಾದ ದಾರಿ ಬೇರೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಖಗೋಳಶಾಸ್ತ್ರ, ಜೊತೆಗೆ ಹತ್ತನೇ ತರಗತಿವರೆಗಿನವರಿಗೆ ಜೂನಿಯರ್ ಸೈನ್ಸ್. ಇವಕ್ಕೆ ಮೊದಲ ಸುತ್ತಿನ ಪರೀಕ್ಷೆ ನಡೆಸುವುದು ಭಾರತೀಯ ಭೌತಶಾಸ್ತ್ರ ಶಿಕ್ಷಕರ ಸಂಘ, ಅಂದರೆ ಐಎಪಿಟಿ. 1984ರಲ್ಲಿ ಮೇಷ್ಟ್ರುಗಳೇ ಸೇರಿ ಕಟ್ಟಿದ ಸಂಘ ಅದು. ಪರೀಕ್ಷೆ ನವೆಂಬರಿನಲ್ಲಿ. ಹೆಸರು ನೋಂದಾಯಿಸುವುದು ಅದಕ್ಕಿಂತ ಒಂದೆರಡು ತಿಂಗಳು ಮುಂಚೆ. ದಸರಾ ರಜೆ ಮುಗಿದ ಮೇಲೆ ನೆನಪಾದರೆ ಆ ವರ್ಷ ಹೋದಂತೆಯೇ. ಮುಂದಿನ ಸುತ್ತುಗಳ ಹೊಣೆ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ್ದು. ಕೊನೆಗೆ ಅಲ್ಲಿ ಶಿಬಿರ ನಡೆದು ತಂಡ ಆರಿಸುತ್ತಾರೆ. ಜೂನಿಯರ್ ಸೈನ್ಸಿಗೆ ಆರು ಮಕ್ಕಳು, ಭೌತಶಾಸ್ತ್ರಕ್ಕೆ ಐದು, ರಸಾಯನಶಾಸ್ತ್ರಕ್ಕೆ ನಾಲ್ಕು. 2025ರ ಆಗಸ್ಟಿನಲ್ಲಿ ಖಗೋಳ ಒಲಿಂಪಿಯಾಡ್ ಮುಂಬೈನಲ್ಲೇ ನಡೆಯಿತು.

ಗಣಿತದ್ದು ಬೇರೆ ಏಣಿ. ಮೊದಲು ಐಒಕ್ಯೂಎಂ ಅನ್ನುವ ಅರ್ಹತಾ ಪರೀಕ್ಷೆ, ಆಮೇಲೆ ವಲಯ ಮಟ್ಟದ ಆರ್‌ಎಂಒ, ಆಮೇಲೆ ರಾಷ್ಟ್ರ ಮಟ್ಟದ ಐಎನ್‌ಎಂಒ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ 1959ರಲ್ಲಿ ರೊಮೇನಿಯಾದಲ್ಲಿ ಶುರುವಾಯಿತು. ನಮ್ಮ ದೇಶ ಸೇರಿದ್ದು 1989ರಲ್ಲಿ. ಮಕ್ಕಳನ್ನು ಅದಕ್ಕೆ ತಯಾರು ಮಾಡುವುದರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಗಣಿತ ಒಲಿಂಪಿಯಾಡ್ ಘಟಕದ ಮೇಷ್ಟ್ರುಗಳ ಪಾತ್ರ ದೊಡ್ಡದು.

ಇಲ್ಲಿ ಎಂಥ ಪ್ರಶ್ನೆ ಬರುತ್ತದೆ ಅನ್ನುವುದಕ್ಕೆ ಒಂದು ರುಚಿ ತೋರಿಸುತ್ತೇನೆ. ಒಂದು ಮದುವೆಮನೆ. ಎಷ್ಟು ಜನ ಬೇಕಾದರೂ ಇರಲಿ, ನೂರು ಅಂತ ಇಟ್ಟುಕೊಳ್ಳಿ. ಪರಿಚಯ ಅಂದರೆ ಎರಡೂ ಕಡೆಯಿಂದ. ನಾನು ನಿಮಗೆ ಗೊತ್ತು ಅಂದರೆ ನೀವೂ ನನಗೆ ಗೊತ್ತು. ಆ ಮನೆಯಲ್ಲಿ, ಪರಿಚಯದವರ ಸಂಖ್ಯೆ ಸರಿಯಾಗಿ ಒಂದೇ ಆಗಿರುವ ಇಬ್ಬರಾದರೂ ಇದ್ದೇ ಇರುತ್ತಾರೆ. ಯಾಕೆ? ಯಾರ ಹೆಸರೂ ಗೊತ್ತಿಲ್ಲ, ಯಾರ ಮದುವೆ ಅಂತಲೂ ಗೊತ್ತಿಲ್ಲ. ಆದರೂ ಖಚಿತವಾಗಿ ಹೇಳಬಹುದು.

ಯೋಚನೆ ಮಾಡಿ ನೋಡಿ. ಒಬ್ಬರಿಗೆ ಅಲ್ಲಿ ಯಾರೂ ಗೊತ್ತಿಲ್ಲದೆ ಇರಬಹುದು, ಅಂದರೆ ಸೊನ್ನೆ. ಎಲ್ಲರೂ ಗೊತ್ತಿರಬಹುದು, ಅಂದರೆ 99. ಸೊನ್ನೆಯಿಂದ 99ರವರೆಗೆ ಒಟ್ಟು ನೂರು ಸಂಖ್ಯೆ. ಜನವೂ ನೂರು. ಹಾಗಾದರೆ ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಬರಬಹುದಲ್ಲ ಅನ್ನಿಸುತ್ತದೆ. ಆದರೆ ಎಲ್ಲರನ್ನೂ ಬಲ್ಲ ಯಜಮಾನರು ಒಬ್ಬರಿದ್ದಾರೆ ಅಂದರೆ, ಯಾರೂ ಗೊತ್ತಿಲ್ಲದ ಅನಾಥ ಅತಿಥಿ ಇರಲು ಸಾಧ್ಯವೇ ಇಲ್ಲ. ಯಜಮಾನರು ಅವನಿಗೂ ಪರಿಚಯವೇ ಅಲ್ವಾ! ಸೊನ್ನೆ, 99 ಎರಡೂ ಒಟ್ಟಿಗೆ ಬರಲ್ಲ. ಉಳಿಯುವುದು 99 ಸಂಖ್ಯೆ, ಜನ ನೂರು. ಇಬ್ಬರಿಗೆ ಒಂದೇ ಸಂಖ್ಯೆ ಬರಲೇಬೇಕು.

ಇದರಲ್ಲಿ ಸೂತ್ರ ಎಲ್ಲಿದೆ? ಬಾಯಿಪಾಠ ಎಲ್ಲಿದೆ? ಕೆಲವು ಮಕ್ಕಳು ಇದನ್ನು ಕೇಳಿ ಮುಖ ಅರಳಿಸುತ್ತಾರೆ, ಕೆಲವರು ಆಕಳಿಸುತ್ತಾರೆ. ಮುಖ ಅರಳಿಸಿದವರನ್ನು ಈ ದಾರಿಗೆ ಹಚ್ಚಿ. ಆಕಳಿಸಿದವರನ್ನು ಬಲವಂತ ಮಾಡಬೇಡಿ. ಅವರು ತೆಂಗಿನಕಾಯಿ ತೂಗುವವರಿರಬಹುದು.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ, ಚಹಾ ಬಂದಿದೆ ಅಂತ ಕೈಸನ್ನೆ ಆಗುತ್ತಿದೆ.

ಇಸ್ರೋದ ಯುವಿಕಾ 2019ರಲ್ಲಿ ಶುರುವಾದದ್ದು. 9ನೇ ತರಗತಿಯಲ್ಲಿ ಓದುತ್ತಿರುವವರಿಗೆ ಬೇಸಿಗೆಯಲ್ಲಿ ಎರಡು ವಾರದ ಶಿಬಿರ, ಖರ್ಚೆಲ್ಲ ಇಸ್ರೋದ್ದೇ. ಆಯ್ಕೆಯಲ್ಲಿ 8ನೇ ತರಗತಿಯ ಅಂಕಕ್ಕೆ ದೊಡ್ಡ ತೂಕ. ಆದರೆ ಹಳ್ಳಿಯ ಶಾಲೆಯಲ್ಲಿ ಓದಿದ್ದಕ್ಕೂ ಅಂಕ ಸೇರಿಸುತ್ತಾರೆ, ವಿಜ್ಞಾನ ಮೇಳದಲ್ಲಿ ಭಾಗವಹಿಸಿದ್ದಕ್ಕೂ ಸೇರಿಸುತ್ತಾರೆ. ಪ್ರಮಾಣಪತ್ರವನ್ನು ಮಡಚಿ ಬೀರುವಿನ ಪೇಪರಿನ ಕೆಳಗೆ ಹಾಕಬೇಡಿ.

ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ವಿಜ್ಞಾನ ಸ್ಪರ್ಧೆ ಅಲ್ಲ, ಆದರೂ ಹೇಳಬೇಕು. ಸರ್ಕಾರಿ, ಅನುದಾನಿತ ಶಾಲೆಯ 8ನೇ ತರಗತಿ ಮಕ್ಕಳಿಗೆ. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷದ ಒಳಗಿರಬೇಕು. ಆಯ್ಕೆಯಾದರೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ. ಪಿಯುಸಿ ಸೈನ್ಸ್ ಸೇರಿಸಲು ಹಿಂದೆಮುಂದೆ ನೋಡುವ ಮನೆಗೆ ಆ ದುಡ್ಡು ದೊಡ್ಡದು.

ವಿಜ್ಞಾನ ಓದುವವರಿಗೆ ಇದ್ದ ಕೆವಿಪಿವೈ ವಿದ್ಯಾರ್ಥಿವೇತನದ ಪರೀಕ್ಷೆ ಈಗ ಇಲ್ಲ, 2022ರಲ್ಲಿ ನಿಂತಿತು. ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆ, ಅಂದರೆ ಎನ್‌ಟಿಎಸ್‌ಇ ಕೂಡ ಆಗಿನಿಂದ ನಡೆದಿಲ್ಲ. ಇವೆರಡರ ಹೆಸರು ಹಾಕಿಕೊಂಡು ಇನ್ನೂ ಕರಪತ್ರ ಹಂಚುವ ಕೋಚಿಂಗಿನವರು ಸಿಕ್ಕರೆ ನಕ್ಕು ಮುಂದೆ ಹೋಗಿ.

ವಿಜ್ಞಾನ ವಿಚಾರಗೋಷ್ಠಿ ಮತ್ತು ವಿಜ್ಞಾನ ನಾಟಕ, ಎರಡನ್ನೂ ನಾವು ಹಗುರವಾಗಿ ನೋಡುತ್ತೇವೆ. ರಾಜ್ಯ, ದಕ್ಷಿಣ ಭಾರತ ಮಟ್ಟದ ಸ್ಪರ್ಧೆಗಳು ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ನಡೆದಿವೆ. ಗಣಿತ ಕಂಡರೆ ಹೆದರುವ, ಆದರೆ ಮಾತು ಚೆನ್ನಾಗಿ ಬರುವ ಮಕ್ಕಳಿಗೆ ಇದು ಬಾಗಿಲು. ಅಟಲ್ ಟಿಂಕರಿಂಗ್ ಲ್ಯಾಬ್, ಅಂದರೆ ಮಕ್ಕಳು ತಾವೇ ಕೈಯಾರೆ ಮಾಡಿ ನೋಡುವ ಪ್ರಯೋಗಶಾಲೆ, ಇರುವ ಶಾಲೆಯವರು ಇಲ್ಲಿ ಎಷ್ಟು ಜನ ಇದ್ದೀರಿ? ಒಂದು, ಎರಡು, ಐದು. ಒಂದು ಲ್ಯಾಬಿಗೆ 20 ಲಕ್ಷದವರೆಗೆ ಅನುದಾನ ಬರುತ್ತದೆ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಮಾತ್ರ ಕೇಳುತ್ತೇನೆ. ಒಂದು ಶಾಲೆಯಲ್ಲಿ ತ್ರೀಡಿ ಪ್ರಿಂಟರಿಗೆ ಆಯುಧಪೂಜೆಯ ಕುಂಕುಮ ಬಿಟ್ಟರೆ ಬೇರೆ ಯಾರ ಕೈಯೂ ತಗುಲಿರಲಿಲ್ಲ.

ಸ್ಪರ್ಧೆಯೇ ಅಲ್ಲದ ಅವಕಾಶಗಳ ಬಗ್ಗೆ ನನಗೆ ಒಲವು ಜಾಸ್ತಿ. ಬೆಂಗಳೂರಿಗೆ ಹೋಗಿಬರಲು ಆಗುವವರು ನೆಹರೂ ತಾರಾಲಯಕ್ಕೆ ಹೋಗಿ. 1989ರಲ್ಲಿ ತೆರೆದದ್ದು. ಅಲ್ಲಿ ಆಕಾಶದ ಷೋ ನೋಡಿ ಪಾಪ್‌ಕಾರ್ನ್ ತಿಂದು ವಾಪಸ್ ಬರುತ್ತೇವೆ. ಶಾಲಾ ಮಕ್ಕಳಿಗೆ ಅಲ್ಲಿ ವಾರಾಂತ್ಯದ ತರಗತಿ, ಬೇಸಿಗೆ ಶಿಬಿರಗಳೂ ನಡೆಯುತ್ತವೆ. ಮಂಗಳೂರಿನ ಕಡೆಯವರಿಗೆ ಪಿಲಿಕುಳದ ವಿಜ್ಞಾನ ಕೇಂದ್ರ, ತಾರಾಲಯ ಇದೆ. ಕೋಲಾರದ ಗಡಿ ದಾಟಿದರೆ ಆಂಧ್ರದ ಕುಪ್ಪಂನಲ್ಲಿ ಅಗಸ್ತ್ಯ ಫೌಂಡೇಶನ್ನಿನ ದೊಡ್ಡ ಕ್ಯಾಂಪಸ್ಸು. ಅವರ ವಿಜ್ಞಾನದ ವ್ಯಾನು ಹಳ್ಳಿ ಶಾಲೆಗೂ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ಬಾಗಿಲು ತೆರೆದು ಎಲ್ಲರನ್ನೂ ಒಳಗೆ ಬಿಡುತ್ತದೆ. ಬಹುಪಾಲು ಫೆಬ್ರವರಿ, ಮಾರ್ಚಿನಲ್ಲಿ. ಆ ದಿನ ಒಂದು ಬಸ್ ಮಾಡಿಕೊಂಡು ಹೋಗಿ, ಗುಂಪಿನಲ್ಲಿ ಮಕ್ಕಳ ಕೈ ಬಿಡಬೇಡಿ.

ಎಚ್. ನರಸಿಂಹಯ್ಯನವರನ್ನು ನೆನೆಯದೆ ಈ ಮಾತು ಮುಂದೆ ಹೋಗುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ. ಮುಂದೆ ಓದಬೇಕು ಅಂತ ಬೆಂಗಳೂರಿಗೆ ನಡೆದೇ ಹೋದವರು. ಅವರು 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಬುಧವಾರ ಸಂಜೆ ಒಂದು ಉಪನ್ಯಾಸ, ಜುಲೈ ಬಂದರೆ ವಿಜ್ಞಾನದ ಹಬ್ಬ. ದೊಡ್ಡ ದೊಡ್ಡ ವಿಜ್ಞಾನಿಗಳು ಬಂದು ಮಾತಾಡುತ್ತಿದ್ದರು, ಯಾರು ಬೇಕಾದರೂ ಹೋಗಿ ಕೂರಬಹುದಿತ್ತು. ಬಹುಮಾನ ಇಲ್ಲ, ಸರ್ಟಿಫಿಕೇಟ್ ಇಲ್ಲ. ತಾಲ್ಲೂಕಿಗೊಂದು ಹಾಗೆ ಯಾಕೆ ಇರಬಾರದು? ತಿಂಗಳಿಗೊಂದು ಸಂಜೆ ಸಾಕು. ಕೃಷಿ ಇಲಾಖೆಯವರು, ಆಸ್ಪತ್ರೆಯ ಲ್ಯಾಬಿನವರು, ಕೆಇಬಿ ಇಂಜಿನಿಯರು, ಎಲ್ಲರೂ ಇಲ್ಲೇ ಇದ್ದಾರಲ್ಲ.

ಎಲ್ಲಿಗೂ ಹೋಗಲು ಆಗುವುದಿಲ್ಲ ಅನ್ನುವವರಿಗೆ ಮನೆ ಮುಂದಿನ ಮರವೇ ಇದೆ. ಸೀಸನ್‌ವಾಚ್ ಅಂತ ಒಂದು ಯೋಜನೆ. ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ನೋಡಬೇಕು. ಚಿಗುರು ಇದೆಯಾ, ಹೂವು ಇದೆಯಾ, ಕಾಯಿ ಇದೆಯಾ. ಎರಡು ನಿಮಿಷದ ಕೆಲಸ. ಹೊಂಗೆ ಈ ಸಲ ಬೇಗ ಚಿಗುರಿತಾ ಅನ್ನುವುದಕ್ಕೆ ಮಗುವಿನ ಹತ್ತಿರ ಪುರಾವೆ ಇರುತ್ತದೆ. ಫೆಬ್ರವರಿಯಲ್ಲಿ ನಾಲ್ಕು ದಿನ ಪ್ರಪಂಚದಾದ್ಯಂತ ಹಕ್ಕಿ ಎಣಿಸುತ್ತಾರೆ. ಶಾಲೆಯ ಕಾಂಪೌಂಡಿನಲ್ಲಿ ಹದಿನೈದು ನಿಮಿಷ ನಿಂತು ಎಣಿಸಿ ಕಳಿಸಿದರೂ ಲೆಕ್ಕಕ್ಕೆ ಬರುತ್ತದೆ.

2017ರಲ್ಲಿ ಬೆಂಗಳೂರಿನ ಶಾಲಾ ಹುಡುಗಿಯೊಬ್ಬಳು ಕೆರೆ ನೀರಿನ ಮಾಲಿನ್ಯ ಅಳೆಯುವ ಪ್ರಾಜೆಕ್ಟಿಗೆ ಅಮೆರಿಕದ ಅಂತರರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಬಹುಮಾನ ಪಡೆದಳು. ‘ಗ್ರಹಕ್ಕೆ ಅವಳ ಹೆಸರು’ ಅಂತ ಸುದ್ದಿಯಾಯಿತು. ಅದು ಗ್ರಹ ಅಲ್ಲ, ಕ್ಷುದ್ರಗ್ರಹ. ಆ ಮೇಳದಲ್ಲಿ ಮೊದಲ ಎರಡು ಸ್ಥಾನ ಬಂದವರ ಹೆಸರನ್ನು ಹಾಗೆ ಇಡುವುದು ಆಗ ರೂಢಿಯಾಗಿತ್ತು. ಸುದ್ದಿ ಓದಿದವರೆಲ್ಲ ಆಕಾಶ ನೋಡಿದರು. ಅವಳು ನೋಡಿದ್ದು ಊರಿನ ಕೆರೆಯನ್ನು.

ಪ್ರಶ್ನೋತ್ತರದಲ್ಲಿ ಬಂದ ಎರಡು ಪ್ರಶ್ನೆ ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು, "ಮೇಷ್ಟ್ರೆ, ಇದರಿಂದ ಮಾರ್ಕ್ಸಿಗೇನು ಲಾಭ?" ನೇರವಾಗಿ ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ಮಾರ್ಕ್ಸಿಗೆ ಏನೂ ಇಲ್ಲ. ಸಿಇಟಿ, ನೀಟಿಗೂ ಇಲ್ಲ. ಐಎನ್‌ಎಂಒದಲ್ಲಿ ಗೆದ್ದವರನ್ನು ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್ ಪ್ರವೇಶ ಪರೀಕ್ಷೆ ಇಲ್ಲದೆ ಸೇರಿಸಿಕೊಂಡದ್ದಿದೆ. ಆದರೆ ಅಂಥವರು ದೇಶಕ್ಕೆಲ್ಲ ಬೆರಳೆಣಿಕೆ. ಮಾರ್ಕ್ಸಿಗಾಗಿ ಕಳಿಸುವುದಾದರೆ ಕಳಿಸಬೇಡಿ, ನಿರಾಸೆ ಆಗುತ್ತದೆ.

ಇನ್ನೊಬ್ಬ ತಾಯಿ ಕೇಳಿದರು. ಮಗಳು ಜಿಲ್ಲೆಗೆ ಆಯ್ಕೆ ಆಗಿದ್ದಾಳೆ, ಎರಡು ರಾತ್ರಿ ಉಳಿಯಬೇಕು, ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ, ಏನು ಮಾಡಲಿ ಅಂತ. ಆಯ್ಕೆ ಆಗಿಯೂ ಹೋಗದೆ ಉಳಿದ ಹುಡುಗಿಯರು ನನ್ನ ಶಾಲೆಯಲ್ಲೇ ನಾಲ್ಕು ಜನ ಇದ್ದರು. ಹುಡುಗರಲ್ಲಿ ಒಬ್ಬನೂ ಇಲ್ಲ. ಜೊತೆಗೆ ಶಿಕ್ಷಕಿ ಯಾರು ಹೋಗುತ್ತಾರೆ, ಎಲ್ಲಿ ಉಳಿಸುತ್ತಾರೆ, ಫೋನ್ ನಂಬರ್ ಏನು, ಇಷ್ಟನ್ನು ಶಾಲೆಯಿಂದ ಬರೆಸಿಕೊಳ್ಳಿ. ಅದು ನಿಮ್ಮ ಹಕ್ಕು. ಆಮೇಲೆ ನೀವೇ ಜೊತೆಗೆ ಹೊರಡಿ ಅಮ್ಮ. ನಿಮಗೂ ಎರಡು ದಿನ ಅಡುಗೆಮನೆಯಿಂದ ರಜೆ. ಸಭೆ ನಕ್ಕಿತು. ಅವರು ನಗಲಿಲ್ಲ, ತಲೆ ಆಡಿಸಿ ಕೂತರು. ಹೋಗುತ್ತಾರೆ ಅನ್ನಿಸಿತು.

ಆ ತೆಂಗಿನಕಾಯಿ ಹುಡುಗಿ ಏನಾದಳು ಅಂತ ಹೊರಗೆ ಚಹಾ ಕುಡಿಯುವಾಗ ಯಾರೋ ಕೇಳಿದರು. ಸಮಾವೇಶ ಮುಗಿದ ಮೇಲೂ ಅವಳು ತೂಗುವುದು ಬಿಟ್ಟಿರಲಿಲ್ಲ. ಮುಂದಿನ ಜೂನಿನಲ್ಲಿ ನೋಟ್‌ಬುಕ್ ಹಿಡಿದು ನಮ್ಮ ಮನೆಗೆ ಬಂದಳು. ಅಡುಗೆಮನೆ ಕಡೆಯವು ಎಲ್ಲ ಗಡಗಡ ಅನ್ನುತ್ತಿವೆ, 17 ಒಂದು ಬಿಟ್ಟು. ಅಜ್ಜ "ಅದು ಕೊಳೆತಿದೆ, ಬಿಸಾಕು" ಅಂದರಂತೆ. ಗೆಳತಿ "ಒಳಗೆ ಮೊಳಕೆ ಬಂದಿರುತ್ತೆ" ಅಂದಳಂತೆ. "ಒಡೆದು ನೋಡೋಣವೇನಮ್ಮ?" ಅಂದೆ.

"ಬೇಡ ಸಾರ್, ತೂಕ ಇನ್ನೂ ಇಳೀತಿದೆ" ಅಂದಳು.